ಹಸನಬಿಯ ಬೆಕ್ಕು, ದುಂಡವ್ವನ ದಾಸವಾಳ

ನವಲಗುಂದದಲ್ಲಿ ಜಮಖಾನ ನೇಯುವ ಹೆಂಗಸರಿಗೇನೂ ಕಡಿಮೆಯಿರಲಿಲ್ಲ. ಆದರೆ ಮಗ್ಗದ ಮುಂದೆ ಕೂತು ಓಣಿಗೆಲ್ಲ ಕೇಳುವಂತೆ ನಗುವವಳು ಹಸನಬಿ ಒಬ್ಬಳೇ. ಗಂಡ ತೀರಿಕೊಂಡ ಮೇಲೆ ಆ ಮಗ್ಗವನ್ನೇ ನೆಚ್ಚಿ ಹೆಣ್ಣುಮಕ್ಕಳ ಲಗ್ನ ಮಾಡಿ ಮುಗಿಸಿದ ಗಟ್ಟಿಗಿತ್ತಿ. ಈಗ ಮನೆಯಲ್ಲಿ ಅವಳು ಮತ್ತು ಇಲಿಗಳಿಂದ ನೂಲು ಕಾಯುವ ಬಿಳಿ ಬೆಕ್ಕು ಮುನ್ನಿ, ಇಬ್ಬರೇ.

ಬಾಜು ಮನೆಯ ದುಂಡವ್ವ ಪೂಜೆಗೆಂದು ಬೆಳೆಸಿದ ಕೆಂಪು ದಾಸವಾಳ ಗೋಡೆ ದಾಟಿ ಈಚೆ ಬಾಗಿತ್ತು. ಮುನ್ನಿ ಗೋಡೆ ಹತ್ತಿ ಅದರ ಹೂವು ಜಗಿಯುತ್ತಿತ್ತು.

"ಲಿಂಗಕ್ಕ ಏರಸೋ ಹೂವು ನಿನ್ನ ಬೆಕ್ಕಿಗೆ ಫರಾಳ ಆತಲ್ಲ ಬೇ!" ಎಂದು ದುಂಡವ್ವ ಗದರುತ್ತಿದ್ದಳು, ನಗುತ್ತಲೇ.

ಎಪ್ಪತ್ತನಾಲ್ಕನೇ ಇಸವಿಯ ಒಂದು ಮುಂಜಾನೆ ಮುನ್ನಿ ಮೇಲಿಂದ ಮೇಲೆ ಕಾರಿಕೊಂಡು ಮಗ್ಗದ ಕೆಳಗೆ ಬಿದ್ದುಕೊಂಡಿತು. ಹಾಲಿಟ್ಟರೂ ಮೂಸಲಿಲ್ಲ. ಗೋಡೆಯ ಬುಡದಲ್ಲಿ ಅರ್ಧ ಜಗಿದ ಹೂವು ಕಂಡದ್ದೇ ಹಸನಬಿ ಗೋಡೆಯಾಚೆಗೆ ಕೂಗಿದಳು:

"ದುಂಡವ್ವಕ್ಕಾ, ನಿನ್ನ ದಾಸಾಳ ನನ್ನ ಮುನ್ನೀನ ಕೊಲ್ಲಾಕ ಹತ್ತೇತಿ!"

ದುಂಡವ್ವ ಬಂದು ನೋಡಿದವಳೇ ಗಿಡ ಕಡಿದುಹಾಕಲು ಹೋಗಿ ಕೊಡಲಿ ತಂದಳು. ಈಗ ಹಸನಬಿಗೇ ಸಂಕಟವಾಯಿತು. "ತಡಿಯಕ್ಕಾ, ಮೊದಲ ಡಾಕ್ಟರಿಗೆ ತೋರ್ಸೂಣು" ಎಂದು ಕೊಡಲಿ ಕಸಿದಿಟ್ಟಳು. ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಇಬ್ಬರೂ ದನದ ದವಾಖಾನೆಗೆ ನಡೆದರು.

ಡಾಕ್ಟರು ಬೆಕ್ಕಿನ ಹೊಟ್ಟೆ ಒತ್ತಿ ನೋಡಿದರು. "ದಾಸಾಳ ಬೆಕ್ಕಿಗೆ ವಿಷ ಅಲ್ರಿ. ಕಣಗಿಲ ತಿಂದಿದ್ರ ಜೀವಕ್ಕ ಧೋಕಾ ಇತ್ತು."

"ಯಾ ಅಲ್ಲಾ! ಕಣಗಿಲ ನಮ್ಮ ಹಿತ್ತಲದಾಗನ ಐತಲ್ರಿ!"

ಡಾಕ್ಟರು ಮತ್ತೆ ಎದೆ ಪರೀಕ್ಷಿಸಿದರು. "ಎದಿ ಬಡಿತ ಸರಿ ಐತಿ, ಅಂಜಬ್ಯಾಡ್ರಿ. ಹೊಟ್ಟಿ ಮಾತ್ರ ನಗಾರಿ ಆಗೇತಿ. ನಿನ್ನೆ ಏನ್ ತಿಂದೇತಿ ಇದು?"

ದುಂಡವ್ವ ಗಲ್ಲದ ಮೇಲೆ ಕೈಯಿಟ್ಟಳು. "ಅಯ್ಯ ಶಿವನ! ನನ್ನ ಗಿಣ್ಣ!"

ಮೊನ್ನೆಯಷ್ಟೇ ಅವಳ ಎಮ್ಮೆ ಈದಿತ್ತು. ಮೊದಲ ಹಾಲಿಗೆ ಬೆಲ್ಲ, ಯಾಲಕ್ಕಿ ಹಾಕಿ ಗಿಣ್ಣ ಮಾಡಿ ಹಿಂದಿನ ರಾತ್ರಿ ಮುಚ್ಚಿಟ್ಟಿದ್ದಳು. ಬೆಳಗಾಗುವುದರೊಳಗೆ ಪಾತ್ರೆ ಖಾಲಿ. ಇದು ಗಂಡ ಶಂಭುಲಿಂಗಪ್ಪನದೇ ಕೆಲಸವೆಂದು, ಅವನು ಆಣೆ ಮಾಡಿದರೂ ಕೇಳದೆ, ಚಹಾ ಕೂಡ ಕೊಡದೆ ಹೊಲಕ್ಕೆ ಕಳಿಸಿದ್ದಳು.

ಡಾಕ್ಟರು ನಗು ತಡೆಯಲಾರದೆ ಔಷಧದ ಪುಡಿ ಕಟ್ಟಿಕೊಟ್ಟರು. ಸಂಜೆಯ ಹೊತ್ತಿಗೆ ಮುನ್ನಿ ಎದ್ದು ಮೈ ನೆಕ್ಕಿಕೊಳ್ಳುತ್ತಿತ್ತು.

ಹಸನಬಿ ಗುದ್ದಲಿ ಹಿಡಿದು ಕಣಗಿಲೆಯನ್ನು ಬೇರುಸಹಿತ ಕಿತ್ತಳು. ದನಕರು ಬಾಯಿ ಹಾಕಬಾರದೆಂದು ಅದನ್ನು ಆಳವಾದ ಗುಂಡಿಯಲ್ಲಿ ಹೂಳಲು ಶಂಭುಲಿಂಗಪ್ಪನೂ ಕೈಜೋಡಿಸಿದ.

"ಅಣ್ಣಾರ, ಸಿಟ್ಟು ಇಳೀತೇನ್ರಿ?" ಎಂದು ಕೇಳಿದಳು ಹಸನಬಿ.

"ಎಲ್ಲಿ ಇಳೀತದವಾ, ಇನ್ನ ಗಿಣ್ಣ ಹೊಟ್ಟಿಗಿ ಇಳದಿಲ್ಲ!" ಎಂದ ಅವನು, ಗೋಡೆಯಾಚೆ ಹೆಂಡತಿಗೆ ಕೇಳುವಂತೆ. ಆ ರಾತ್ರಿ ಅವನಿಗೆ ದೊಡ್ಡ ಬಟ್ಟಲು ತುಂಬ ಹೊಸದಾಗಿ ಮಾಡಿದ ಗಿಣ್ಣ ಸಿಕ್ಕಿತು.

ಅಂದಿನಿಂದ ಹೊಸ ಗಿಡ ಯಾವುದೇ ಬರಲಿ, ಡಾಕ್ಟರನ್ನು ಕೇಳದೆ ಹಸನಬಿ ನೆಡುತ್ತಿರಲಿಲ್ಲ. ಕೊನೆಗೆ ಹೇಗಾಯಿತೆಂದರೆ, ಸಂತೆಯಲ್ಲಿ ಅವಳ ಕೈಯಲ್ಲಿ ಸಸಿ ಕಂಡರೆ ಸಾಕು, ಡಾಕ್ಟರು ಸೈಕಲ್ಲಿನಿಂದ ಇಳಿಯದೆ ದೂರದಿಂದಲೇ ಕೂಗುತ್ತಿದ್ದರು:

"ಗುಲಾಬಿ ನಡೀತೈತ್ರಿ, ಹಚ್ರಿ!"