ಮೂಲ್ಯಾಗ ಕುಂತ ಯಜಮಾನ್ರು

ತುಂಬಿಟ್ಟ ನೀರಾಗ ಸೊಳ್ಳಿ ಮರಿ ಅದಾವೇನು ಅಂತ ಮನಿಮನಿ ನೋಡೋದು ನನ್ನ ಕೆಲಸ. ಇಬ್ರಾಹಿಂಪುರದಾಗ ನಮ್ಮನ್ನ ಕಂಡ್ರ ಹೆಣ್ಣುಮಕ್ಕಳು ಮೊದಲ ನೀರು ಬಚ್ಚಿಡ್ತಾರ. ನಳಕ್ಕ ನೀರು ಬರೋದ ಅಪರೂಪ, ಮರಿ ಕಂಡ್ರ ನಾವು ಡ್ರಮ್ ಮಗಚಿ ಹೋಗ್ತೀವಿ. ಅವರದೂ ಖರೇನ ಐತಿ ಬಿಡ್ರಿ.

ಆವತ್ತು ನಮ್ಮ ಕೆಲಸ ನೋಡಾಕ ವಾರ್ಡಿನ ಸದಸ್ಯರೂ ಜೋಡಿ ಬಂದಿದ್ರು. ಒಂದು ಮನಿ ಬಾಗಿಲದಾಗ ವಯಸ್ಸಾದ ಆಯಿ ಒಬ್ಬಾಕಿ ಅಡ್ಡ ನಿಂತಳು.

"ಒಳಗ ಬರಬ್ಯಾಡ್ರಿ. ನಮ್ಮ ಯಜಮಾನ್ರಿಗೆ ಜ್ವರ ಬಂದಾವ."

ಕತ್ತಲ ಮೂಲ್ಯಾಗ ಟೊಪಿಗಿ ಹಾಕ್ಕೊಂಡು, ಕೌದಿ ಹೊದ್ಕೊಂಡು ಯಾರೋ ಕುಂತಿದ್ರು. ಸದಸ್ಯರ ಮುಖ ಬಿಳಿಚಿತು. ಹೋದ ತಿಂಗಳ ಇದ ಓಣಿಯ ಕೂಸೊಂದು ಡೆಂಗಿ ಆಗಿ, ಬದುಕಿ ಬಂದದ್ದ ದೊಡ್ಡದಾಗಿತ್ತು.

"ಅಜ್ಜಾರ, ಹ್ಯಾಂಗ ಅದೀರಿ?" ಅಂತ ಸದಸ್ಯರು ಕೂಗಿದ್ರು.

"ಅವರು ಮಾತಾಡೂದಿಲ್ರಿ" ಅಂದಳು ಆಯಿ.

ನಾ ಆಯಿನ್ನ ದಾಟಿ ಒಳಗ ನುಗ್ಗಿ ಹಣಿ ಮುಟ್ಟಿದೆ. ಕಲ್ಲಿನಂಗ ತಣ್ಣಗ! ಬೆಚ್ಚಿ ಕೈ ಎಳದೆ, ಕೌದಿ ಜಾರಿತು. ಕೆಳಗ ನೀರಿನ ಡ್ರಮ್ಮು, ಮ್ಯಾಲೆ ತಾಮ್ರದ ಕೊಡ, ಕೊಡಕ್ಕ ಟೊಪಿಗಿ.

ಸದಸ್ಯರು ಹೊಸ್ತಿಲದಾಗ ಕುಸಿದು ಕುಂತು ಕಣ್ಣೀರು ಬರೂತನಕ ನಕ್ಕರು. ನಾ ಕೊಡ ಇಳಿಸಿ, ಡ್ರಮ್ಮಿನಾಗ ಬ್ಯಾಟರಿ ಬೆಳಕು ಬಿಟ್ಟು ನೋಡಿದೆ. ಒಂದೂ ಮರಿ ಇದ್ದಿಲ್ಲ. ನೀರು ಚೆಲ್ಲೂದಿಲ್ಲ ಅಂದ ಮ್ಯಾಲೆ ಆಯಿ ಉಸಿರು ಬಿಟ್ಟಳು.

"ಖರೇ ಯಜಮಾನ್ರು ಎಲ್ಲೆ?"

"ಟೊಪಿಗಿ ಕಸ್ಕೊಂಡೆಲ್ರಿ, ಬರೇ ತಲೀಲೆ ಹ್ಯಾಂಗ ಹೊರಗ ಹೋಗ್ಲಿ ಅಂತ ಹಿತ್ತಲದಾಗ ಕುಂತಾರ."

ಟೊಪಿಗಿ ಒಯ್ದು ಕೊಟ್ಟು, ಮಾರಿ ಗಂಟು ಹಾಕ್ಕೊಂಡು ಕುಂತ ಅಜ್ಜನ ಹಣಿ ಮುಟ್ಟಿ ನೋಡಿದೆ. ಬಿಸಿ ಇತ್ತು. ಆದ್ರ ಜ್ವರದ್ದಲ್ಲ.