ಹಿಡಿಯದೆ ತಡೆಯುವ ಆಟ

ನಮ್ಮ ಸೋದರಮಾವನ ಕೈಗೆ ಸಿಕ್ಕವನು ಬಿಡಿಸಿಕೊಂಡು ಹೋದದ್ದನ್ನು ನಾನು ನೋಡಿಲ್ಲ. ಇಂಡಿ ಕಡೆಯ ಹಳ್ಳಿಗಳಲ್ಲಿ ಕಬಡ್ಡಿ ಆಡಿ ಬೆಳೆದ ಆಳು ಅವನು. ಪುಣೆಗೆ ಬಂದು ಚಾಕಣದ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಲೋಡಿಂಗ್ ಆಳುಗಳ ಮೇಲೆ ಮುಕಾದಮನಾಗಿದ್ದ. ನನ್ನನ್ನು ಅಲ್ಲಿಯೇ ಸ್ಟೋರ್ಸ್ ಗುಮಾಸ್ತನಾಗಿ ಸೇರಿಸಿದವನೂ ಅವನೇ. ಹುಡುಗನ ಮೇಲೆ ಕಣ್ಣಿಡು ಎಂದು ಅವ್ವ ಒಂದು ಮಾತು ಹೇಳಿದ್ದಳು ನೋಡಿ, ಅಷ್ಟಕ್ಕೇ ಅವನು ಮದುವೆ ವಯಸ್ಸಿಗೆ ಬಂದ ನನ್ನ ರಟ್ಟೆ ಹಿಡಿದು ರಸ್ತೆ ದಾಟಿಸುತ್ತಿದ್ದ. ಗೇಟಿನ ಮುಂದೆ ನಿಂತವರೆಲ್ಲ ನೋಡುತ್ತಿದ್ದರು. ನನಗೆ ತಲೆ ಎತ್ತಲಾಗುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಹೊಸ ಯಂತ್ರಗಳನ್ನು ಕೂರಿಸಲು ಅಮೆರಿಕದ ಎಂಜಿನಿಯರ್ ಒಬ್ಬ ಬಂದಿದ್ದ. ಭಾನುವಾರ ಅವನಿಗೆ ಹೊತ್ತು ಹೋಗುತ್ತಿರಲಿಲ್ಲ. ಎರಡೂ ತುದಿ ಚೂಪಾದ ಚೆಂಡೊಂದನ್ನು ಹಿಡಿದು, ಕಾರ್ಖಾನೆ ಹಿಂದಿನ ಬಯಲಿನಲ್ಲಿ ನಮಗೆ ತನ್ನ ದೇಶದ ಫುಟ್‌ಬಾಲ್ ಕಲಿಸಲು ನಿಂತ. ಹುಣಸೆಮರಕ್ಕೆ ಕಲ್ಲು ಬೀರಿ ಪಳಗಿದ್ದ ನನಗೆ ಚೆಂಡು ಎಸೆಯುವ ಕೆಲಸ ಬಂತು. ನನ್ನ ಮುಂದೆ ಅಡ್ಡ ನಿಲ್ಲುವ ಕೆಲಸ ಮಾಮಾನಿಗೆ.

ಆಟ ಕಷ್ಟದ್ದೇನಲ್ಲ. ಮುಂದೆ ಓಡುವ ನಮ್ಮವರಿಗೆ ನಾನು ಹಿಂದಿನಿಂದ ಚೆಂಡು ಎಸೆಯಬೇಕು. ಅವರು ಅದನ್ನು ಹಿಡಿದು ಬಯಲಿನ ಆ ತುದಿ ದಾಟಿದರೆ ಪಾಯಿಂಟ್. ಎದುರಾಳಿಗಳಲ್ಲಿ ಕೆಲವರು ನನ್ನ ಮೇಲೆ ನುಗ್ಗುತ್ತಾರೆ, ಉಳಿದವರು ಓಡುವವರನ್ನು ಕಾಯುತ್ತಾರೆ. ಎಸೆಯುವ ಮೊದಲೇ ನನ್ನನ್ನು ಮುಟ್ಟಿದರೆ ಆ ಸರದಿ ಹೋಯಿತು. ನುಗ್ಗುವವನನ್ನು ಮಾಮಾ ಅಂಗೈಯಿಂದ ಎದೆಗೆ ಒತ್ತಿ ತಡೆಯಬಹುದು, ಹಿಡಿಯುವಂತಿಲ್ಲ. ಒಮ್ಮೊಮ್ಮೆ ಕಾಯುವವರೂ ತಮ್ಮ ಜಾಗ ಬಿಟ್ಟು ಒಟ್ಟಿಗೇ ಮೈಮೇಲೆ ಬರುತ್ತಾರೆ. ಅದಕ್ಕೆ ಬ್ಲಿಟ್ಸ್ ಎನ್ನುತ್ತಾರೆ.

ಹಿಡಿಯಬೇಡ ಅಂದರೆ ಮಾಮಾ ಕೇಳಬೇಕಲ್ಲ. ಬಂದವನ ಕಾಲಿಗೆ ಬಿದ್ದು, ನೆಲಕ್ಕೆ ಕೆಡವಿ, ಮೇಲೆ ಕೂತು, ಪಾಯಿಂಟ್ ಕೊಡು ಎನ್ನುವ ಹಾಗೆ ಎಂಜಿನಿಯರನ ಮುಖ ನೋಡುತ್ತಿದ್ದ. ನಮ್ಮ ತಂಡದ ಮರಾಠಿ ಹುಡುಗರು ಬಿಡು ಎಂದು "ಸೋಡ ಮಾಮಾ, ಸೋಡ" ಅಂತ ಕೂಗುತ್ತಿದ್ದರು. ಅಷ್ಟರಲ್ಲಿ ಎಂಜಿನಿಯರ್ ಸೀಟಿ ಹೊಡೆದು, ತಪ್ಪು ನಮ್ಮ ಮೇಲೇ ಹಾಕಿರುತ್ತಿದ್ದ.

ಎಂಜಿನಿಯರ್ ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದ. ಬ್ಲಿಟ್ಸ್ ಬಂದಾಗ ನುಗ್ಗಿದವನು ಬಿಟ್ಟ ಜಾಗ ಖಾಲಿಯಾಗಿರುತ್ತದೆ. ದೂರ ನೋಡುತ್ತಾ ನಿಲ್ಲದೆ ಅಲ್ಲಿಗೇ ಕೂಡಲೇ ಎಸೆದುಬಿಡು ಎಂದು ನನಗೆ ಹೇಳಿದ. ಇಬ್ಬರು ಬಂದರೆ ನಡುವಿನಿಂದ ಬರುವ ಒಳಗಿನವನನ್ನು ತಡೆ, ಬದಿಯಿಂದ ಬರುವ ಹೊರಗಿನವನನ್ನು ಬಿಡು, ಅವನು ಸುತ್ತಿ ಬರುವಷ್ಟರಲ್ಲಿ ಚೆಂಡು ಹೋಗಿರುತ್ತದೆ ಎಂದು ಮಾಮಾನಿಗೆ ಹೇಳಿದ. ಅಭ್ಯಾಸದಲ್ಲಿ ಇಬ್ಬರನ್ನು ಒಟ್ಟಿಗೇ ನಮ್ಮ ಮೇಲೆ ನುಗ್ಗಿಸಿದರು. ಮಾಮಾ ಕೈಗೊಬ್ಬನನ್ನು ಹಿಡಿದು ನಿಂತ.

ರಾಂಜಣಗಾಂವದ ಕಾರ್ಖಾನೆಯವರ ಜೊತೆ ಪಂದ್ಯ ನಿಗದಿಯಾಗಿತ್ತು. ಹೀಗೇ ಆದರೆ ಬೇರೆಯವನನ್ನು ನಿಲ್ಲಿಸುತ್ತೇನೆ ಎಂದ ಎಂಜಿನಿಯರ್. ಮಾಮಾನ ಮುಖ ಸಣ್ಣದಾಯಿತು. ಮೊಣಕಾಲು ಕೈಕೊಟ್ಟ ಮೇಲೆ ಕಬಡ್ಡಿಯವರು ಅವನನ್ನು ಕರೆಯುವುದು ಬಿಟ್ಟು ಎಷ್ಟೋ ವರ್ಷವಾಗಿತ್ತು. ಈಗ ಮತ್ತೆ ಒಂದು ತಂಡದಲ್ಲಿದ್ದ. ಶನಿವಾರ ಸಂಜೆ ಆಟದ ಅಂಗಿಯನ್ನು ಬೇರೆ ಯಾರ ಕೈಗೂ ಕೊಡದೆ ತಾನೇ ಒಗೆಯುತ್ತಿದ್ದ. ಅದು ಹೋದರೆ ಅವನ ಭಾನುವಾರವೇ ಹೋದ ಹಾಗೆ ಎಂದು ನನಗೆ ಗೊತ್ತಿತ್ತು.

ಕಂಪನಿ ಬಸ್ಸಿನಲ್ಲಿ ಬರುವಾಗ ಹೇಳಿದೆ, "ಮಾಮಾ, ಹೊರಗಿನವನ್ನ ಬಿಟ್ಟಬಿಡು. ನಾ ಚೆಂಡ ಒಗದಿರ್ತೀನಿ."

"ಒಗೀತಿ, ಖರೆ. ಅವ ಬಂದು ನಿನ್ನ ಕೆಡವಿದ್ರ?"

"ಬಿದ್ರ ಏಳ್ತೀನಿ."

"ನಮ್ಮಕ್ಕಗ ಏನಂತ ಹೇಳ್ಲಿ? ನಾನ ದಾರಿ ಬಿಟ್ಟುಕೊಟ್ಟೆ ಅಂತ ಹೇಳ್ಲಿ?"

ನನಗೆ ರೇಗಿತು. ಕಿಟಕಿಯ ಕಡೆ ತಿರುಗಿ ಕೂತೆ.

ಮರುದಿನದಿಂದ ಅವನು ಮೆಸ್ಸಿನ ಎರಡು ಉಳ್ಳಾಗಡ್ಡಿಗಳನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಅಭ್ಯಾಸ ಮಾಡತೊಡಗಿದ. ಬೆರಳಿಗೆ ಬೇರೆ ಕೆಲಸ ಕೊಟ್ಟರೆ ಅವು ಯಾರನ್ನೂ ಹಿಡಿಯಲಾರವು ಎಂಬ ಲೆಕ್ಕ. ಬೆರಳು ಸುಧಾರಿಸಿದವು. ಆದರೆ ಇಬ್ಬರು ಬಂದರೆ ಮೈಯನ್ನಾದರೂ ಇಬ್ಬರಿಗೂ ಅಡ್ಡ ಹಾಕುತ್ತಿದ್ದ, ಇಬ್ಬರೂ ಅವನನ್ನು ದಾಟಿ ನನ್ನ ಮೇಲೆ ಬೀಳುತ್ತಿದ್ದರು.

ಪಂದ್ಯದ ದಿನ ಮೊದಲರ್ಧದಲ್ಲೇ ಮಾಮಾ ಒಬ್ಬನ ಅಂಗಿ ಹಿಡಿದ. ಎಂಜಿನಿಯರ್ ಬೆರಳೆತ್ತಿ ತೋರಿಸಿದ, ಇನ್ನೊಂದು ಸಲ ಹಿಡಿದರೆ ಹೊರಗೆ. ಕೊನೆಯ ಸರದಿಯ ಹೊತ್ತಿಗೆ ನಾವು ಸ್ವಲ್ಪ ಹಿಂದಿದ್ದೆವು, ಒಮ್ಮೆ ತುದಿ ದಾಟಿದರೆ ಗೆಲುವು. ಚೆಂಡು ಕೈಗೆ ಬಂದದ್ದೇ ತಡ, ಮಾಮಾನ ಕಡೆಯಿಂದಲೇ ಇಬ್ಬರು ಹೊರಟರು. ಹೊರಗಿನವನು ಒಳ್ಳೆ ದಾಂಡಿಗ.

ಮಾಮಾ ಒಳಗಿನವನ ಎದೆಗೆ ಅಂಗೈ ಕೊಟ್ಟು ನಿಂತ. ದಾಂಡಿಗ ಅವನ ಪಕ್ಕದಲ್ಲೇ ಹಾದ. ಮಾಮಾನ ಎಡಗೈ ಅರ್ಧ ಎದ್ದಿತು, ಇನ್ನೇನು ಹಿಡಿದೇಬಿಟ್ಟ ಅಂದುಕೊಂಡೆ. ಕೈ ಮುಷ್ಟಿಯಾಗಿ ಹಾಗೆಯೇ ಕೆಳಗಿಳಿಯಿತು. ದಾಂಡಿಗ ಬಿಟ್ಟು ಬಂದ ಜಾಗದಲ್ಲಿ ನಮ್ಮ ಪೇಂಟ್ ವಿಭಾಗದವನು ಒಬ್ಬನೇ ಇದ್ದ. ಅವನಿಗೆ ಚೆಂಡು ಎಸೆದೆ. ಮರುಕ್ಷಣ ದಾಂಡಿಗ ಬಂದು ಅಪ್ಪಳಿಸಿದ, ನಾನು ಅಂಗಾತ ಬಿದ್ದೆ.

ಆ ತುದಿಯಲ್ಲಿ ನಮ್ಮವರ ಗದ್ದಲ ಎದ್ದಿತು. ಎಲ್ಲರೂ ಅತ್ತ ಓಡಿದರು, ಮಾಮಾ ಇತ್ತ ಓಡಿ ಬಂದ.

"ಗೆದ್ದಿವಿ ಮಾಮಾ," ಅಂದೆ.

"ಅದಿರ್ಲಿ. ಕೈ ಮಡಚು, ನೋಡೂಣು."

ಮಡಚಿ ತೋರಿಸಿದೆ. ಮೊಣಕೈಗೆ ಹತ್ತಿದ ಹರಳುಕಲ್ಲುಗಳನ್ನು ಒಂದೊಂದಾಗಿ ತೆಗೆದ. ಇಷ್ಟು ದೊಡ್ಡ ಮನುಷ್ಯ ಇಷ್ಟು ಹೆದರಿದ್ದನ್ನು ನಾನು ಕಂಡಿರಲಿಲ್ಲ. ಬಸ್ಸಿನಲ್ಲಿ ಮುಖ ತಿರುಗಿಸಿ ಕೂತದ್ದಕ್ಕೆ ನಾಚಿಕೆಯಾಯಿತು, ಅವನ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು.

ಎಂಜಿನಿಯರ್ ಬಂದು ಅವನ ಬೆನ್ನು ತಟ್ಟಿ, ಮುಂದಿನ ಪಂದ್ಯಕ್ಕೂ ನೀನೇ ಎಂದು ಸನ್ನೆ ಮಾಡಿ ಹೋದ. ಮಾಮಾ ಅಲ್ಲೇ ಕುಕ್ಕರಿಸಿದ.

"ಮತ್ತ ಇಬ್ರು ಬಂದ್ರ, ಮತ್ತ ಒಬ್ಬನ್ನ ಬಿಡಬೇಕೇನು?"

"ಬಿಡಬೇಕು, ಮಾಮಾ."

ನನ್ನ ಅಂಗಿಯ ಧೂಳು ಕೊಡವಿದ.

"ಬಿಡ್ತೀನಿ. ಆದ್ರ ನೀ ಇನ್ನೂ ಜಲ್ದಿ ಒಗೀಬೇಕು ನೋಡಪಾ."

ಅಷ್ಟು ಹೇಳಿ, ನನ್ನ ರಟ್ಟೆ ಹಿಡಿದು ಎಬ್ಬಿಸಿದ.