ಯಾರೂ ಆಳದ ಶೆಡ್ಡು

ನಲವತ್ತಕ್ಕೇ ನನ್ನ ಸೋದರಮಾವನ ಹುಬ್ಬು ಬೆಳ್ಳಗೆ ಕಾಣುತ್ತಿತ್ತು. ನರೆ ಇನ್ನೂ ಬಂದಿರಲಿಲ್ಲ. ಮಗ್ಗದ ಶೆಡ್ಡಿನ ಹತ್ತಿಧೂಳು ಹುಬ್ಬು, ರೆಪ್ಪೆ, ಕಿವಿಯ ಕೂದಲು ಒಂದನ್ನೂ ಬಿಡದೆ ಕೂತಿರುತ್ತಿತ್ತು. ಊಟಕ್ಕೆ ಬಂದಾಗ ಅಮ್ಮ ತನ್ನ ಅಣ್ಣನನ್ನು ಬಾಗಿಲಲ್ಲೇ ನಿಲ್ಲಿಸಿ ಒದ್ದೆ ಟವೆಲಿನಿಂದ ಮುಖ ಒರೆಸುತ್ತಿದ್ದಳು. ಮಾವ ಕಣ್ಣು ಮುಚ್ಚಿಕೊಂಡು, ಟವೆಲಿನ ಒಳಗಿನಿಂದಲೇ ಜಗಳ ಮುಂದುವರಿಸುತ್ತಿದ್ದ. ಜಗಳ ನನ್ನ ಅಪ್ಪನ ಜೊತೆ.

ನಾವು ತಲೆಮಾರುಗಳಿಂದ ಸೂಲೂರಿನ ಕಡೆ ನೇಯ್ದುಕೊಂಡು ಬಂದ ಕನ್ನಡದವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನನಗೆ ಕನ್ನಡದ ಅಕ್ಷರ ಬಂದದ್ದೇ ಮದುವೆಯಾಗಿ ಮೈಸೂರು ಸೇರಿದ ಮೇಲೆ. ಮಾವನಿಗೆ ಬರಲೇ ಇಲ್ಲ. ಇದನ್ನು ಯಾರಾದರೂ ಓದಿ ಹೇಳಿದ್ದರೆ ಸಾಲುಸಾಲಿಗೂ ತಕರಾರು ತೆಗೆಯುತ್ತಿದ್ದ.

ಹರೆಯದಲ್ಲಿ ಅವನು ಒಂದು ನೂಲಿನ ಗಿರಣಿಯಲ್ಲಿದ್ದ. ಅಲ್ಲಿನ ಮುದಲಾಳಿಯ ಜೊತೆ, ನಮ್ಮ ಕಡೆ ಧಣಿಯನ್ನು ಹಾಗೆ ಕರೆಯುತ್ತಾರೆ, ಜಗಳವಾಡಿ ಸಂಘ ಸೇರಿದ. ಆಮೇಲೆ ಸಂಘದ ನಾಯಕನ ಜೊತೆ ಜಗಳವಾಡಿ ಅದನ್ನೂ ಬಿಟ್ಟ. “ಅಲ್ಲೂ ಒಂದು ಕುರ್ಚಿ ಇತ್ತು ಅಮ್ಮಣಿ,” ಎನ್ನುತ್ತಿದ್ದ ನನಗೆ. ಕೊನೆಗೆ ತನ್ನಂಥ ಕೆಲವರನ್ನು ಕೂಡಿಸಿ, ಎಲ್ಲರ ಹಳೆಯ ವಿದ್ಯುತ್ ಮಗ್ಗಗಳನ್ನು ಒಂದೇ ತಗಡಿನ ಶೆಡ್ಡಿಗೆ ತಂದು ಹಾಕಿಸಿದ. ಮಗ್ಗ ಎಲ್ಲರದು, ಬಂದದ್ದು ಸಮಪಾಲು. ಅಧ್ಯಕ್ಷ ಇಲ್ಲ, ಮೇಸ್ತ್ರಿ ಇಲ್ಲ. ಅಪ್ಪನೂ ಅದರಲ್ಲಿದ್ದ, ಪಕ್ಕದ ಬೀದಿಯ ಒಬ್ಬ ಅಕ್ಕನೂ ಇದ್ದಳು.

ವಾರಕ್ಕೊಂದು ಸಂಜೆ ಮಗ್ಗ ನಿಲ್ಲಿಸಿ ಎಲ್ಲರೂ ನೆಲದ ಮೇಲೆ ಟೀ ಹಿಡಿದು ಕೂರುತ್ತಿದ್ದರು. ಯಾವ ಮಾತಾದರೂ ಹಿಡಿಸದಿದ್ದರೆ ಕುಡಿದ ಲೋಟವನ್ನು ಮಗುಚಿ ಇಡಬೇಕು. ಒಂದೇ ಲೋಟ ಮಗುಚಿದ್ದರೂ ಆ ಮಾತು ಅಲ್ಲಿಗೆ ನಿಂತಂತೆ. ಮಗ್ಗದ ಸದ್ದಿಗೆ ಕಿವಿ ಮಂದವಾದವರಿಗೆ ಇದು ಅನುಕೂಲವಾಗಿಯೂ ಇತ್ತು. ಗೋಡೆಗೆ ಯಾವ ಬಣ್ಣ ಹೊಡೆಸುವುದು ಎಂಬ ಮಾತು ಹೀಗೇ ನಿಂತೂ ನಿಂತೂ, ಗೋಡೆ ಕಡೆಯವರೆಗೂ ಬರೀ ಸಿಮೆಂಟಾಗಿ ಉಳಿಯಿತು.

ಸರ್ಕಾರ ಬೇಡ ಎನ್ನುವಷ್ಟರ ಮಟ್ಟಿಗೆ ಅಪ್ಪನಿಗೂ ಮಾವನಿಗೂ ಒಮ್ಮತವಿತ್ತು. ಮುಂದಿನದಕ್ಕೆ ಕಿತ್ತಾಟ. ಅಪ್ಪನ ವಾದಕ್ಕೆ ಫೋನಿನಲ್ಲಿ ನೋಡಿದ ವಿಡಿಯೋಗಳ ಬೆಂಬಲ ಬೇರೆ.

“ನೀ ಹೇಳಾದೇ ನಾನೂ ಹೇಳಾದು ಭಾವ. ಅವನವನ ಸೊತ್ತು ಅವನವನ್ಗೆ. ಇಬ್ರು ಒಪ್ಕೊಂಡು ಕೆಲ್ಸ ಮಾಡಿದ್ರೆ ನಡುವೆ ಯಾರೂ ಬರಬಾರ್ದು.”

“ಸರ್ಕಾರ ಹೋಗಿ ಮುದಲಾಳಿ ಉಳುದ್ರೆ ಅದೇನು ಬಿಡುಗಡೆ ಮಾಪ್ಳೆ?” ಎನ್ನುತ್ತಿದ್ದ ಮಾವ. ತಂಗಿಯ ಗಂಡನನ್ನು ಅವನು ಕರೆಯುತ್ತಿದ್ದದ್ದೇ ಹಾಗೆ.

“ಮುದಲಾಳಿ ಏನು ಪೋಲೀಸ್ ಇಟ್ಕೊಂಡವ್ನಾ? ಇಷ್ಟ ಇದ್ರೆ ಬಾ, ಇಲ್ಲಾಂದ್ರೆ ಹೋಗು. ಅಷ್ಟೇ ತಾನೆ?”

ಅರಾಜಕತಾವಾದವೂ ಬಂಡವಾಳಶಾಹಿಯೂ ಜೊತೆಗೆ ಬಾಳಬಲ್ಲವೇ ಎಂದು ಪಂಡಿತರು ದಪ್ಪ ದಪ್ಪ ಪುಸ್ತಕ ಬರೆದು ಜಗಳವಾಡುತ್ತಾರೆಂದು ನನಗೆ ತಿಳಿದದ್ದು ಎಷ್ಟೋ ವರ್ಷದ ನಂತರ. ನಮ್ಮ ಮನೆಯಲ್ಲಿ ಅವೆರಡೂ ಎದುರುಬದುರು ಕೂತು ಉಣ್ಣುತ್ತಿದ್ದವು. ಅಮ್ಮ ಇಬ್ಬರಿಗೂ ಸಾರು ಬಡಿಸಿ, “ಮೊದಲು ಉಣ್ಣಿ, ಆಮೇಲೆ ಲೋಕ ಸೆರಿ ಮಾಡಿ,” ಎನ್ನುತ್ತಿದ್ದಳು.

ತೊಂಡಾಮುತ್ತೂರಿನ ಹತ್ತಿರ ಅಪ್ಪನ ಪಾಲಿಗೆ ಬಂದಿದ್ದ ತುಂಡು ಜಮೀನು ಮಾರಾಟವಾದಾಗ ಊಟದ ಮಾತು ಶೆಡ್ಡಿಗೆ ಬಂತು. ಅಪ್ಪ ಆ ಹಣದಲ್ಲಿ ತಾವಾಗಿ ಓಡುವ ಹೊಸ ಆಟೋ ಮಗ್ಗಗಳನ್ನು ತನ್ನದೇ ಆಗಿ ತಂದು ಶೆಡ್ಡಿನ ಖಾಲಿ ಅರ್ಧದಲ್ಲಿ ಹಾಕುತ್ತೇನೆ, ಬೇಕಾದವರು ಕೂಲಿಗೆ ಓಡಿಸಬಹುದು ಎಂದ. ನಾನೂ ಆವತ್ತು ಟೀ ಕೊಡಲು ಹೋಗಿದ್ದೆ. ಎಲ್ಲರೂ ನೋಡಿದ್ದು ಮಾವನ ಲೋಟವನ್ನು. ಅವನು ಅದನ್ನು ಕೈಗೆ ತೆಗೆದುಕೊಂಡ, ಬೆರಳಲ್ಲಿ ತಿರುಗಿಸಿದ, ಇದ್ದ ಹಾಗೇ ನೆಲಕ್ಕಿಟ್ಟ. ಅದನ್ನು ನೋಡಿ ಬೇರೆ ಯಾರೂ ಮಗುಚಲಿಲ್ಲ.

“ಅದ್ಯಾಕೆ ಸುಮ್ನಿದ್ದೆ?” ಎಂದು ಅಮ್ಮ ಮನೆಯಲ್ಲಿ ಗದರಿದಳು. ತನ್ನ ಗಂಡನ ಲಾಭಕ್ಕೆ ವಿರುದ್ಧವಾಗಿಯೇ ಅಣ್ಣನನ್ನು ಗದರಿದಳು.

“ಅವನ ಕಾಸು, ಅವನು ತರಿ ತರ್ತಾನೆ. ತರಬೇಡ ಅನ್ನಾಕೆ ನಾನ್ಯಾರು? ಹಂಗಂದ್ರೆ ನಾನೇ ಸರ್ಕಾರ ಆಗೋಗ್ತೀನಿ,” ಎಂದ ಮಾವ. ತರಿ ಎಂದರೆ ನಮ್ಮಲ್ಲಿ ಮಗ್ಗ.

ಇಂಥ ತಪ್ಪು ಮಾಡುವುದಕ್ಕೆ ಅಷ್ಟು ಪ್ರಾಮಾಣಿಕನೇ ಬೇಕು. ಕಳ್ಳನಾಗಿದ್ದರೆ ಒಂದು ಲೋಟ ಮಗುಚಿ ಎಲ್ಲರನ್ನೂ ಉಳಿಸಿಬಿಡುತ್ತಿದ್ದ. ಅದನ್ನು ನೆನೆದಾಗೆಲ್ಲ ನನಗೆ ಇವತ್ತಿಗೂ ಅವನ ಮೇಲೆ ಸಿಟ್ಟು ಬರುತ್ತದೆ.

ಹೊಸ ಮಗ್ಗದ ಬಟ್ಟೆ ಬೇಗ ಇಳಿಯುತ್ತಿತ್ತು, ಕಲೆಯಿಲ್ಲದೆ ಇಳಿಯುತ್ತಿತ್ತು. ತಿರುಪ್ಪೂರಿನ ವ್ಯಾಪಾರಿಗಳು ನೂಲನ್ನು ಮೊದಲು ಅಪ್ಪನಿಗೆ ಕಳಿಸತೊಡಗಿದರು. ಕೆಲಸವಿಲ್ಲದೆ ನಿಂತ ಹಳೆಯ ಮಗ್ಗಗಳು ಒಂದೊಂದಾಗಿ ಗುಜರಿಗೆ ಹೋದವು. ಪಾಲುದಾರರಾಗಿದ್ದವರು ಅಪ್ಪನ ಹತ್ತಿರ ಕೂಲಿಗೆ ಬಂದರು. ಟೀ ಕುಡಿಯುವ ಸಂಜೆಯನ್ನು ಯಾರೂ ರದ್ದು ಮಾಡಲಿಲ್ಲ. ಎರಡು ಪಾಳಿ ಓಡುವ ಮಗ್ಗದ ನಡುವೆ ಅದಕ್ಕೆ ಜಾಗ ಸಿಗಲಿಲ್ಲ, ಅಷ್ಟೇ. ಅಪ್ಪ ಮಾವನನ್ನು ಮೇಸ್ತ್ರಿಯಾಗಿರು ಎಂದು ಬೇಡಿಕೊಂಡ. ಮಾವ ಒಪ್ಪಲಿಲ್ಲ. ತಾನು ಕಟ್ಟಿದ ಶೆಡ್ಡಿನಲ್ಲಿ ತಂಗಿಯ ಗಂಡನ ಕೂಲಿಯವನಾಗಿ ನಿಂತ. ನನ್ನ ಕಾಲೇಜು ಮುಗಿದದ್ದು ಆ ಮಗ್ಗಗಳಿಂದ. ಮಾವನಿಗೆ ಅದು ಗೊತ್ತಿತ್ತು, ನಾನು ಪಾಸಾದ ದಿನ ಗಾಂಧಿಪುರದಿಂದ ಸೀರೆ ತಂದುಕೊಟ್ಟ. ಆ ಸೀರೆ ಉಡಲು ನನಗೆ ಇವತ್ತಿಗೂ ಕಷ್ಟ.

ಒಂದು ಬೇಸಿಗೆ, ತಗಡಿನ ಕೆಳಗೆ ತಲೆಸುತ್ತು ಬಂದು ಆ ಅಕ್ಕ ಪಾಳಿ ಸ್ವಲ್ಪ ಚಿಕ್ಕದು ಮಾಡಿ ಎಂದು ಕೇಳಿದಳು. ಅಪ್ಪ ಕೆಟ್ಟವನಲ್ಲ, ಆದರೂ ಅವನ ಬಾಯಿಂದ ಬಂದದ್ದು ಹಳೆಯ ಮಾತೇ: “ನಾನು ಯಾರನ್ನೂ ಕಟ್ಟಿ ಹಾಕಿಲ್ಲಕ್ಕ. ಇಷ್ಟ ಇಲ್ಲಾಂದ್ರೆ ಬಿಟ್ಟುಬಿಡು.”

ಮಾವ ತನ್ನ ಮಗ್ಗ ನಿಲ್ಲಿಸಿ ಬಂದ. “ಕಟ್ಟಿ ಹಾಕಿಲ್ಲ, ನಿಜ. ಬಿಟ್ಟು ಎಲ್ಲಿಗೆ ಹೋಗಾದು, ಅದ ಹೇಳು ಮಾಪ್ಳೆ.”

ಪಾಳಿ ಇದ್ದಷ್ಟೇ ಉಳಿಯಿತು. ಆವತ್ತು ಸಂಜೆ ಮಾವ ಕೆಮ್ಮುತ್ತ ನನ್ನ ಪಕ್ಕ ಕೂತು, “ಸರ್ಕಾರ ಅಂದ್ರೆ ಖಾಕಿ ಹಾಕ್ಕೊಂಡು ಬರ್ತದೆ ಅಂತ ಕಾಯ್ತಾ ಇದ್ದೆ ಅಮ್ಮಣಿ. ಅದು ಲಾರೀಲಿ ತರಿ ಏರ್ಕೊಂಡು ನಮ್ಮ ಮನೆಯಿಂದ್ಲೇ ಬಂತು,” ಎಂದ. ಯಾರ ಮಾತಿಗೂ ಸುಮ್ಮನೆ ತಲೆಯಾಡಿಸಬೇಡ ಎಂದು ನನಗೆ ಕಲಿಸಿದವನು ಅವನೇ. ನಾನು ಇವತ್ತು ಎಲ್ಲಾದರೂ ಬೇಡ ಎಂದು ಬಾಯಿ ಬಿಟ್ಟು ಹೇಳಬಲ್ಲೆನಾದರೆ ಅದು ಅವನ ಋಣ.

ಕೆಮ್ಮು ಎದೆಗಿಳಿದು, ಹೋದ ಬೇಸಿಗೆಯಲ್ಲಿ ಮಾವ ತೀರಿಕೊಂಡ. ನಮ್ಮಲ್ಲಿ ನೇಯುವವರೊಬ್ಬರು ಸತ್ತರೆ ಹೆಣ ಎತ್ತುವ ತನಕ ಸುತ್ತಲ ಬೀದಿಗಳ ಮಗ್ಗಗಳು ಸುಮ್ಮನಿರುವುದು ವಾಡಿಕೆ. ಮಾವನನ್ನು ನಮ್ಮ ಮನೆಯ ಅಂಗಳದಲ್ಲಿ ಮಲಗಿಸಿದ್ದೆವು. ಅಪ್ಪ ಕಾಲ ಹತ್ತಿರ ಕೂತು ಟವೆಲು ಬಾಯಿಗೊತ್ತಿಕೊಂಡು ಅಳುತ್ತಿದ್ದ. ಹಿಂದಿನ ಬೀದಿಯ ನಮ್ಮ ಶೆಡ್ಡಿನಿಂದಲೇ ಮಗ್ಗದ ಸದ್ದು ಶುರುವಾಯಿತು. ಅಪ್ಪ ತಲೆಯೆತ್ತಿದ, ಎದ್ದು ನಿಂತ. ತಿರುಪ್ಪೂರಿನ ವ್ಯಾಪಾರಿಯ ಫೋನು ಬೆಳಿಗ್ಗೆಯೇ ಬಂದಿತ್ತು. ಅಪ್ಪ ಮತ್ತೆ ಕೂತ.

ನಾನೇ ಹೋದೆ. ಎಲ್ಲರೂ ಕೆಲಸಕ್ಕೆ ಬಂದಿದ್ದರು. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಎಳೆ ನೋಡುತ್ತಿದ್ದಳು.

“ಇವತ್ತೂ ಬರಬೇಕು ಅಂತ ಯಾರಕ್ಕ ಹೇಳಿದ್ದು?” ಎಂದು ಅವಳ ಕಿವಿಯಲ್ಲಿ ಕೂಗಿದೆ.

“ಯಾರೂ ಹೇಳಲಿಲ್ಲ ಅಮ್ಮಣಿ,” ಎಂದಳು. “ನಾಳೆ ಲೋಡು ಹೋಗ್ಬೇಕಲ್ಲ. ಅಣ್ಣನ್ನ ಎತ್ತೋವಾಗ ಒಂದು ಮಾತು ಹೇಳು, ಬಾಗಿಲಿಗೆ ಬಂದು ನೋಡ್ತೀವಿ.”

ಎತ್ತುವಾಗ ಓಡಿಹೋಗಿ ಹೇಳಿದೆ. ಎಲ್ಲರೂ ಬಾಗಿಲಿಗೆ ಬಂದು ಕೈಮುಗಿದು ನಿಂತರು. ಒಳಗೆ ಮಗ್ಗಗಳು ಓಡುತ್ತಲೇ ಇದ್ದವು.